ಚೀನಾದ ಬಲ ಎಲ್ಲಿಂದ ಬಂತು, ಎಲ್ಲಿಗೆ ಬಂದು ನಿಂತಿದೆ?

ಪ್ರಶ್ನೆ: ನಮಸ್ಕಾರ ಸರ್. ಬೆಳಗಾವಿಯ ಉದ್ಯಮಬಾಗದಲ್ಲಿ ನನ್ನದೊಂದು ಸಣ್ಣ ಮಶೀನ್ ಶಾಪ್ ಇದೆ. ಎಂಟು ಸಿಎನ್‌ಸಿ (ಕಂಪ್ಯೂಟರ್ ಹಿಡಿತದಲ್ಲಿ ಲೋಹ ಕತ್ತರಿಸುವ ಮಶೀನು), ಇಪ್ಪತ್ತೆರಡು ಜನ. ಪಂಪು, ವಾಲ್ವುಗಳ ಭಾಗಗಳನ್ನು ಜಾಬ್ ವರ್ಕ್ ಮೇಲೆ ಮಾಡಿಕೊಡುತ್ತೇವೆ. ಹೋದ ವರ್ಷ ಮಗ ಚೀನಾದ ಗ್ವಾಂಗ್‌ಜೌ ಮೇಳಕ್ಕೆ ಹೋಗಿ ಬಂದ. ಬಂದವನೇ "ಅಪ್ಪಾ, ನಮ್ಮದು ಮುಗೀತು ನೋಡು" ಅಂದ. ವಾಟ್ಸಾಪ್‌ನಲ್ಲಿ ದಿನಾ ಮೂರು ಥರದ ಮೆಸೇಜು ಬರುತ್ತವೆ. ಒಂದೇ ಪಕ್ಷದ ಆಡಳಿತ ಇರೋದಕ್ಕೇ ಚೀನಾ ಮುಂದೆ ಹೋಯಿತು ಅಂತ ಒಂದು. ಮುಂದಿನ ವರ್ಷ ಚೀನಾ ಕುಸಿಯುತ್ತೆ ಅಂತ ಇನ್ನೊಂದು. ಇನ್ನೈದು ವರ್ಷದಲ್ಲಿ ನಾವೇ ಸೂಪರ್‌ಪವರ್ ಅಂತ ಮತ್ತೊಂದು. 1980ರಲ್ಲಿ ಅವರೂ ನಾವೂ ಒಂದೇ ಮಟ್ಟದಲ್ಲಿ ಇದ್ದೆವಂತೆ, ನಿಜವೇ? ಒಂದು ದೇಶ ಸೂಪರ್‌ಪವರ್ ಆಗೋದು ಯಾವುದರಿಂದ? ಈಗ ಒಂದು ಚೀನಾ ಮಶೀನಿನ ಕೊಟೇಶನ್ ಬಂದಿದೆ. ಬೇರೆಯವರ ಬೆಲೆಯ ಮುಕ್ಕಾಲು ಪಾಲೂ ಇಲ್ಲ. ತಗೊಳ್ಳೋಕೆ ಆಸೆ, ಜೊತೆಗೇ ಹೆದರಿಕೆ. ಕೊಟೇಶನ್ ಪ್ರತಿ ಜೊತೆಗಿಟ್ಟಿದ್ದೇನೆ.

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆ ಒಂದಕ್ಕೊಂದು ಅಂಟಿಕೊಂಡಿವೆ. ದೇಶ ಬಲ ಪಡೆಯೋದು ಹೇಗೆ ಅನ್ನೋದು ಒಂದು, ನಾಳೆ ನನ್ನ ಶಾಪಿನ ಗತಿ ಏನು ಅನ್ನೋದು ಇನ್ನೊಂದು. ಮಗ ಮೇಳದಿಂದ ಹೊತ್ತು ತಂದಿದ್ದು ಎರಡನೆಯದು. ನಾನು ಸಣ್ಣ ಕೈಗಾರಿಕೆಗಳ ಅರ್ಥಶಾಸ್ತ್ರ ಪಾಠ ಮಾಡುತ್ತಾ, ಶಾಪುಗಳಿಗೆ ಸಲಹೆ ಕೊಡುತ್ತಾ ಮೂವತ್ತು ವರ್ಷ ಕಳೆದವನು. ದಕ್ಷಿಣ ಚೀನಾಕ್ಕೆ ನಾಲ್ಕು ಸಲ ಹೋಗಿದ್ದೇನೆ. ಮೊದಲ ಸಲ ಹೋಗಿ ಬಂದಾಗ ನಾನೂ ಎರಡು ದಿನ ಮಂಕಾಗಿ ಕೂತಿದ್ದೆ. ಹಾಗಾಗಿ ಅವನನ್ನು ಬೈಯಬೇಡಿ.

1980ರ ಮಾತಿನಿಂದಲೇ ಶುರು ಮಾಡೋಣ. ಅದು ಅರ್ಧ ನಿಜ. ತಲಾ ಆದಾಯವನ್ನು ಡಾಲರ್‌ನಲ್ಲಿ ಅಳೆದರೆ ಆಗ ನಾವು ಅವರಿಗಿಂತ ಒಂದು ಕೈ ಮೇಲೇ ಇದ್ದೆವು. ಈಗ ಅವರದು ಸುಮಾರು 13,000 ಡಾಲರ್, ನಮ್ಮದು ಸುಮಾರು 2,700. ಈ ಲೆಕ್ಕ ಹೇಳುವವರು ಇನ್ನೊಂದು ಲೆಕ್ಕ ಬಿಟ್ಟುಬಿಡುತ್ತಾರೆ. 1982ರ ಚೀನಾ ಜನಗಣತಿಯ ಹೊತ್ತಿಗೆ ಅಲ್ಲಿ ನೂರು ವಯಸ್ಕರಲ್ಲಿ ಸುಮಾರು 65 ಜನಕ್ಕೆ ಓದು ಬರಹ ಬರುತ್ತಿತ್ತು. ನಮ್ಮಲ್ಲಿ 1981ರಲ್ಲಿ ಅದು 41ರ ಆಸುಪಾಸು. ಅಲ್ಲಿನ ಜನ ಸರಾಸರಿ ನಮಗಿಂತ ಹತ್ತು ವರ್ಷ ಜಾಸ್ತಿ ಬದುಕುತ್ತಿದ್ದರು. ಜೇಬಿನಲ್ಲಿ ದುಡ್ಡು ಹೆಚ್ಚೇನಿಲ್ಲದಿದ್ದರೂ ಡ್ರಾಯಿಂಗ್ ಓದಬಲ್ಲ, ಕಾಯಿಲೆ ಬೀಳದೆ ಪಾಳಿ ಮುಗಿಸಬಲ್ಲ ಕೈಗಳು ಅವರಲ್ಲಿ ಜಾಸ್ತಿ ಇದ್ದವು. ಹಳ್ಳಿಯ ಪ್ರಾಥಮಿಕ ಶಾಲೆ, ಲಸಿಕೆ, ‘ಬರಿಗಾಲ ವೈದ್ಯರು’ ಅಂತ ಕರೆಯುತ್ತಿದ್ದ ಆರೋಗ್ಯ ಕಾರ್ಯಕರ್ತರು, ಇಷ್ಟೂ ಬಡತನದಲ್ಲೇ ಮಾಡಿಟ್ಟ ಕೆಲಸ. ಕಾರ್ಖಾನೆ ಬಂದಿದ್ದು ಆಮೇಲೆ. ಬಂದಾಗ ಹೆಂಗಸರೂ ಕೆಲಸಕ್ಕೆ ಬಂದರು. ದಕ್ಷಿಣ ಚೀನಾದ ಶೆನ್‌ಜೆನ್ ಊರಿನ ಎಲೆಕ್ಟ್ರಾನಿಕ್ಸ್ ಸಾಲುಗಳಲ್ಲಿ ಮೊದಮೊದಲು ಕೂತವರು ಹೆಚ್ಚಾಗಿ ಹಳ್ಳಿಯ ಹುಡುಗಿಯರೇ. ನಿಮ್ಮ ಇಪ್ಪತ್ತೆರಡು ಜನರಲ್ಲಿ ಹೆಂಗಸರು ಎಷ್ಟು ಅಂತ ನೀವು ಬರೆದಿಲ್ಲ. ನಾನೂ ಕೇಳೋದಿಲ್ಲ.

ಇನ್ನು ಒಂದೇ ಪಕ್ಷದ ಮಾತು. ಇದನ್ನು ನಾನು ಮದುವೆ ಊಟದ ಪಂಕ್ತಿಯಲ್ಲಿ ಕೇಳದ ವರ್ಷವಿಲ್ಲ. ಅದೇ ಪಕ್ಷ 1949ರಿಂದ ಅಧಿಕಾರದಲ್ಲಿದೆ. 1958ರಲ್ಲಿ ಅದು ‘ಮಹಾ ಜಿಗಿತ’ ಅಂತ ಹೇಳಿ ಹಳ್ಳಿಹಳ್ಳಿಯ ಹಿತ್ತಲಲ್ಲಿ ಕುಲುಮೆ ಹಾಕಿಸಿ ಉಕ್ಕು ಮಾಡಿಸಲು ಹೋಯಿತು. ಮನೆಯ ಬಾಣಲೆ, ಹೊಲದ ಸಲಕರಣೆ ಕರಗಿಸಿದರು. ಬಂದಿದ್ದು ಯಾವ ಕೆಲಸಕ್ಕೂ ಬಾರದ ಗಟ್ಟಿ. ಫೌಂಡ್ರಿ ಊರಿನ ನಿಮಗೆ ಅದರ ಗುಣಮಟ್ಟ ನಾನು ವಿವರಿಸಬೇಕಿಲ್ಲ. ಇತ್ತ ಕೊಯ್ಲಿಗೆ ಜನ ಇಲ್ಲ. ಅಧಿಕಾರಿಗಳು ಇಳುವರಿ ಸುಳ್ಳು ಬರೆದರು, ಸರಕಾರ ಆ ಸುಳ್ಳನ್ನೇ ನಂಬಿ ಧಾನ್ಯ ಎತ್ತಿಕೊಂಡು ಹೋಯಿತು. 1962ರ ಹೊತ್ತಿಗೆ ಹಸಿವಿನಿಂದ ಸತ್ತವರು ಮೂರು ಕೋಟಿ ಅನ್ನೋದು ಹೆಚ್ಚು ಬಳಕೆಯಲ್ಲಿರುವ ಅಂದಾಜು. "ಇಷ್ಟು ಬೆಳೆದಿಲ್ಲ ಸ್ವಾಮಿ" ಅನ್ನೋ ಧೈರ್ಯ ಯಾರಿಗೂ ಇರಲಿಲ್ಲ. ಆಮೇಲೆ 1966ರಿಂದ ಹತ್ತು ವರ್ಷ ಸಾಂಸ್ಕೃತಿಕ ಕ್ರಾಂತಿಯ ಗಲಾಟೆ. ಕಾಲೇಜು ಪ್ರವೇಶ ಪರೀಕ್ಷೆಯೇ ನಿಂತುಹೋಗಿತ್ತು. ಆಡಳಿತದ ರೀತಿಯೊಂದೇ ಕಾರಣ ಆಗಿದ್ದರೆ ಆ ಮೂವತ್ತು ವರ್ಷದಲ್ಲೂ ಅದು ಫಲ ಕೊಡಬೇಕಿತ್ತು, ಅಲ್ವಾ?

ದಿಕ್ಕು ಬದಲಾಗಿದ್ದು ಹಿಡಿತ ಸಡಿಲವಾದಾಗ. 1977ರ ಡಿಸೆಂಬರ್‌ನಲ್ಲಿ ಪ್ರವೇಶ ಪರೀಕ್ಷೆ ಮತ್ತೆ ಶುರುವಾಯಿತು. ಸುಮಾರು 57 ಲಕ್ಷ ಜನ ಬರೆದರು, ಸೀಟು ಸಿಕ್ಕಿದ್ದು ಮೂರು ಲಕ್ಷಕ್ಕೂ ಕಡಿಮೆ ಜನಕ್ಕೆ. ಮರುವರ್ಷದ ಕೊನೆಯಲ್ಲಿ ಅನ್‌ಹುಯಿ ಪ್ರಾಂತ್ಯದ ಶಿಯಾವ್‌ಗಾಂಗ್ ಅನ್ನುವ ಹಳ್ಳಿಯಲ್ಲಿ 18 ರೈತರು ಗುಟ್ಟಾಗಿ ಸೇರಿ ಸಾಮೂಹಿಕ ಜಮೀನನ್ನು ಮನೆಮನೆಗೆ ಹಂಚಿಕೊಂಡರು. ಕಾಗದ ಬರೆದು ಹೆಬ್ಬೆಟ್ಟು ಒತ್ತಿದರು. ಯಾರಾದರೂ ಸಿಕ್ಕಿಬಿದ್ದು ಜೈಲಿಗೆ ಹೋದರೆ ಅವರ ಮಕ್ಕಳನ್ನು 18 ವರ್ಷ ತುಂಬುವ ತನಕ ಉಳಿದವರು ಸಾಕಬೇಕು ಅಂತಲೂ ಅದರಲ್ಲಿತ್ತು. ಮುಂದಿನ ಸುಗ್ಗಿಯಲ್ಲಿ ಕಣಜ ತುಂಬಿತು. ಸರಕಾರ ಅವರನ್ನು ಹಿಡಿದು ಒಳಗೆ ಹಾಕಬಹುದಿತ್ತು. ಆಗ ಚೀನಾದ ಚುಕ್ಕಾಣಿ ಹಿಡಿದ ಡೆಂಗ್ ಶಿಯಾವೊಪಿಂಗ್ ಕಾಲದ ಜಾಣತನ ಅಂದರೆ ಹಾಗೆ ಮಾಡಲಿಲ್ಲ, ಬೇರೆ ಕಡೆಗೂ ಹಬ್ಬಲು ಬಿಟ್ಟರು. 1980ರಲ್ಲಿ ವಿದೇಶಿ ಬಂಡವಾಳಕ್ಕೆ ಬಾಗಿಲು ತೆರೆದಾಗಲೂ ದೇಶಕ್ಕೆಲ್ಲ ತೆರೆಯಲಿಲ್ಲ. ಶೆನ್‌ಜೆನ್, ಜುಹಾಯ್, ಶಾಂತೌ, ಶಿಯಾಮೆನ್, ಈ ನಾಲ್ಕೇ ಊರಲ್ಲಿ ಮಾಡಿ ನೋಡಿದರು. ಕೆಟ್ಟರೆ ನಾಲ್ಕು ಊರು ಕೆಡುತ್ತೆ, ಅಷ್ಟೇ. ಕಲ್ಲು ತಡವುತ್ತಾ ಹೊಳೆ ದಾಟೋದು ಅಂತ ಇದಕ್ಕೆ ಅವರದೇ ಮಾತಿದೆ. ಇನ್ನೊಂದು ಕಡೆ, ಅಧಿಕಾರಿಗೆ ಬಡ್ತಿ ಬೇಕಾದರೆ ತನ್ನ ಊರಿನ ಉತ್ಪಾದನೆ ಏರಿಸಿ ತೋರಿಸಬೇಕಿತ್ತು. ಹೀಗೆ ಊರೂರಿಗೆ ಪೈಪೋಟಿ ಬಿತ್ತು. ಬಲವಾದ ಸರಕಾರ ಇದ್ದಿದ್ದರಿಂದ ರಸ್ತೆ, ಬಂದರು ಬೇಗ ಆದವು, ಅದನ್ನು ಒಪ್ಪುತ್ತೇನೆ. ಜಮೀನು ಕಳಕೊಂಡವರ ಕೂಗು ಯಾರಿಗೂ ಕೇಳಿಸದೇ ಇದ್ದಿದ್ದರಿಂದಲೂ ಬೇಗ ಆದವು.

ಅಗ್ಗದ ಕೂಲಿಯ ಮಾತನ್ನು ನೀವು ಎತ್ತಿಲ್ಲ. ಮಗ ಎತ್ತೇ ಎತ್ತುತ್ತಾನೆ. ಅದು ಒಂದು ಕಾಲದಲ್ಲಿ ನಿಜವಾಗಿತ್ತು. ಈಗ ಅಲ್ಲಿನ ಕಾರ್ಖಾನೆ ಸಂಬಳ ನಮ್ಮದರ ಕೆಲವು ಪಟ್ಟು ಇದೆ. ಆದರೂ ಜಗತ್ತಿನ ಕಾರ್ಖಾನೆ ಉತ್ಪಾದನೆಯಲ್ಲಿ ಮೂರರಲ್ಲಿ ಒಂದರಷ್ಟು ಅಲ್ಲೇ ಆಗುತ್ತಿದೆ. ಯಾಕೆ ಅಂತ ನನಗೆ ಅರ್ಥವಾಗಿದ್ದು 2006ರಲ್ಲಿ, ದಕ್ಷಿಣ ಚೀನಾದ ಡೊಂಗುವಾನ್‌ನ ಒಂದು ಸಣ್ಣ ಶಾಪಿನಲ್ಲಿ. ಗಿರಾಕಿಯೊಬ್ಬ ಬಂದು ಸ್ಪ್ರಿಂಗಿನ ತಂತಿ ಇನ್ನೂ ಸ್ವಲ್ಪ ದಪ್ಪ ಬೇಕು ಅಂದ. ಮಾಲೀಕ ಫೋನ್ ಮಾಡಿದ. ಪಕ್ಕದ ಬೀದಿಯಿಂದ ಹುಡುಗನೊಬ್ಬ ಸ್ಕೂಟರ್‌ನಲ್ಲಿ ಮೂರು ಸ್ಯಾಂಪಲ್ ತಂದ. ಊಟದ ಹೊತ್ತಿಗೆ ಒಂದು ಒಪ್ಪಿಗೆಯಾಯಿತು, ಸಂಜೆಗೆ ಪ್ಲೇಟಿಂಗ್‌ಗೆ ಹೋಯಿತು. ಅದೇ ವರ್ಷ ಇಲ್ಲಿ ನಾನು ಸಲಹೆ ಕೊಡುತ್ತಿದ್ದ ಒಂದು ಶಾಪಿನಲ್ಲಿ ಇಂಥದೇ ಬದಲಾವಣೆಗೆ 19 ದಿನ ಹಿಡಿಯಿತು. ತಂತಿ ಒಂದು ಊರಿಂದ, ಪ್ಲೇಟಿಂಗ್ ಇನ್ನೊಂದು ಊರಲ್ಲಿ, ನಡುವೆ ಲಾರಿಗೆ ಕಾಯೋದು. ಕೂಲಿ ನಮ್ಮದೇ ಕಡಿಮೆ ಇತ್ತು. 19 ದಿನದ ಬಡ್ಡಿ ಆ ಉಳಿತಾಯವನ್ನು ನುಂಗಿತು.

ಇದು ಒಂದು ಬೀದಿಯ ಕತೆಯಲ್ಲ. ಜೆಜಿಯಾಂಗ್ ಪ್ರಾಂತ್ಯದಲ್ಲಿ ಚಿಯಾವ್‌ತೌ ಅನ್ನುವ ಊರು ಬರೀ ಗುಂಡಿ ಮತ್ತು ಜಿಪ್ಪಿಗೆ ಹೆಸರುವಾಸಿ. ದಾಟಾಂಗ್ ಕಾಲುಚೀಲಕ್ಕೆ. ಮಾಡಿದ್ದನ್ನು ಸಾಗಿಸಲು ಬಂದರು ಪಕ್ಕದಲ್ಲೇ ಇದೆ. ಶಾಂಘೈ ಬಂದರು ಒಂದೇ ನಮ್ಮ ದೇಶದ ಎಲ್ಲ ಬಂದರು ಸೇರಿದರೂ ಆಗದಷ್ಟು ಕಂಟೇನರ್ ಸಾಗಿಸುತ್ತದೆ. 2001ರ ಡಿಸೆಂಬರ್‌ನಲ್ಲಿ ಚೀನಾ ವಿಶ್ವ ವ್ಯಾಪಾರ ಸಂಘಟನೆಗೆ ಸೇರಿದಾಗ ಈ ಊರುಗಳೆಲ್ಲ ತಯಾರಾಗಿ ಕೂತಿದ್ದವು. ಬಾಗಿಲು ತೆರೆದ ಮೇಲೆ ಸಾಮಾನು ಜೋಡಿಸಿಕೊಂಡವರಲ್ಲ ಅವರು.

ನಕಲು ಮಾಡಿಯೇ ಮೇಲೆ ಬಂದರು ಅನ್ನೋರೂ ಇದ್ದಾರೆ. ನಕಲು ಮಾಡಿದರು, ಸುಳ್ಳಲ್ಲ. ಅಲ್ಲಿಗೇ ನಿಲ್ಲಲಿಲ್ಲ. ಬಿವೈಡಿ ಕಂಪನಿ 1995ರಲ್ಲಿ ಶೆನ್‌ಜೆನ್‌ನಲ್ಲಿ ಶುರುವಾದಾಗ ಮಾಡುತ್ತಿದ್ದುದು ಪುನಃ ಚಾರ್ಜ್ ಮಾಡುವ ಸಣ್ಣ ಬ್ಯಾಟರಿ. ಇವತ್ತು ಅದು ಜಗತ್ತಿನ ಅತಿ ದೊಡ್ಡ ಎಲೆಕ್ಟ್ರಿಕ್ ವಾಹನ ಕಂಪನಿಗಳಲ್ಲಿ ಒಂದು. ಪೆಟ್ರೋಲ್ ಎಂಜಿನ್‌ನಲ್ಲಿ ಚೀನಾ ಹಲವು ದಶಕ ವಿದೇಶಿ ಕಂಪನಿಗಳ ಜೊತೆ ಪಾಲುದಾರಿಕೆ ಮಾಡಿತು, ಆದರೂ ಅವರ ಸಮಕ್ಕೆ ಬರಲಿಲ್ಲ. ಎಂಜಿನ್ನೇ ಬೇಡದ ಗಾಡಿ ಬಂದಾಗ, ಬ್ಯಾಟರಿ ಕಲಿತಿದ್ದವರು ಮುಂದೆ ನಿಂತರು. 2023ರಲ್ಲಿ ವಾಹನ ರಫ್ತಿನಲ್ಲಿ ಚೀನಾ ಜಪಾನನ್ನೂ ದಾಟಿತು. ಸಂಶೋಧನೆಗೆ ಅವರು ದೇಶದ ಉತ್ಪನ್ನದ ನೂರಕ್ಕೆ ಎರಡೂವರೆಗಿಂತ ಹೆಚ್ಚು ಹಾಕುತ್ತಾರೆ. ನಾವು ನೂರಕ್ಕೆ ಮುಕ್ಕಾಲನ್ನೂ ಮುಟ್ಟಿಲ್ಲ.

ಇಷ್ಟೆಲ್ಲ ಇದ್ದರೆ ಸೂಪರ್‌ಪವರ್ ಆಯಿತಾ? ಇಲ್ಲಿ ನನ್ನ ಉತ್ತರ ಹಲವರಿಗೆ ರುಚಿಸೋದಿಲ್ಲ. ಗಾತ್ರ ಬೇರೆ, ಬಲ ಬೇರೆ. 1820ರ ಹೊತ್ತಿಗೆ ಜಗತ್ತಿನ ಉತ್ಪನ್ನದಲ್ಲಿ ಸುಮಾರು ಮೂರನೇ ಒಂದು ಪಾಲು ಚೀನಾದ್ದೇ ಅನ್ನೋದು ಆರ್ಥಿಕ ಇತಿಹಾಸಕಾರರ ಅಂದಾಜು. ಆದರೂ 1842ರಲ್ಲಿ ಅಫೀಮು ಯುದ್ಧ ಸೋತು ಹಾಂಗ್‌ಕಾಂಗ್ ಬಿಟ್ಟುಕೊಟ್ಟಿತು, ಅದೂ ಸಣ್ಣ ದ್ವೀಪದ ಬ್ರಿಟನ್ನಿಗೆ. 1964ರಲ್ಲಿ ಅಣುಬಾಂಬ್ ಸಿಡಿಸಿತು, 1971ರಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಕಾಯಂ ಕುರ್ಚಿ ಸಿಕ್ಕಿತು. ಆಗ ಅದು ಬಡ ದೇಶ. ಯಾರೂ ಅದನ್ನು ಅಮೆರಿಕದ ಸಮಕ್ಕೆ ಇಡಲಿಲ್ಲ. ಜನ, ಬಾಂಬು, ಕುರ್ಚಿ ಮೂರೂ ಇದ್ದು ಬಲ ಇರಲಿಲ್ಲ.

ನೀವು ವಾಲ್ವ್ ಮಾಡುವವರು. ನಿಮ್ಮ ಭಾಷೆಯಲ್ಲೇ ಹೇಳುತ್ತೇನೆ. ಪೈಪು ಎಷ್ಟು ದಪ್ಪ ಅನ್ನೋದಕ್ಕಿಂತ ವಾಲ್ವ್ ಯಾರ ಕೈಲಿದೆ ಅನ್ನೋದು ಮುಖ್ಯ. 2022ರಲ್ಲಿ ಉಕ್ರೇನ್ ಮೇಲೆ ದಾಳಿಯಾದಾಗ ಅಮೆರಿಕ ಮತ್ತು ಅದರ ಗೆಳೆಯರು ರಷ್ಯಾ ಹೊರಗಿಟ್ಟಿದ್ದ ಸುಮಾರು 30,000 ಕೋಟಿ ಡಾಲರ್ ಮೀಸಲು ಹಣವನ್ನು ತಡೆದರು. ಒಂದು ಗುಂಡೂ ಹಾರಿಸಲಿಲ್ಲ. ಅದೇ ವರ್ಷ ಅಕ್ಟೋಬರ್‌ನಲ್ಲಿ ಚೀನಾಕ್ಕೆ ಉನ್ನತ ಕಂಪ್ಯೂಟರ್ ಚಿಪ್ ಮತ್ತು ಚಿಪ್ ಮಾಡುವ ಯಂತ್ರ ಹೋಗದಂತೆ ಅಮೆರಿಕ ತಡೆಯಿತು. ಅತಿ ಸೂಕ್ಷ್ಮ ಚಿಪ್ ಅಚ್ಚೊತ್ತುವ ಯಂತ್ರವನ್ನು ಜಗತ್ತಿನಲ್ಲಿ ಮಾಡುವುದು ನೆದರ್‌ಲ್ಯಾಂಡ್ಸ್‌ನ ಎಎಸ್‌ಎಂಎಲ್ ಒಂದೇ. ನೋಡಿ, ಪುಟ್ಟ ದೇಶಕ್ಕೂ ಒಂದು ವಾಲ್ವ್ ಇರಬಹುದು. 2025ರ ಏಪ್ರಿಲ್‌ನಲ್ಲಿ ಚೀನಾ ತನ್ನ ವಾಲ್ವ್ ತಿರುಗಿಸಿತು. ಮ್ಯಾಗ್ನೆಟ್‌ಗೆ ಬೇಕಾದ ವಿರಳ ಲೋಹಗಳ (ರೇರ್ ಅರ್ತ್) ಶುದ್ಧೀಕರಣ ಹೆಚ್ಚುಕಡಿಮೆ ಪೂರ್ತಿ ಅವರ ಕೈಲಿದೆ. ಅದಕ್ಕೆ ಪರವಾನಗಿ ಕಡ್ಡಾಯ ಮಾಡಿದ್ದೇ ತಡ, ನಮ್ಮ ವಾಹನ ಕಂಪನಿಗಳು ಮೋಟಾರಿನ ಮ್ಯಾಗ್ನೆಟ್ ಸಿಗದೆ ಪರದಾಡಿದವು.

ಆದರೆ ವಾಲ್ವ್ ಒಂದು ಸಲ ಮುಚ್ಚಿದರೆ ಆಚೆಯವರು ಬೇರೆ ಪೈಪು ಹುಡುಕುತ್ತಾರೆ. 2010ರಲ್ಲಿ ಇದೇ ಲೋಹ ಜಪಾನಿಗೆ ನಿಂತಾಗ ಅದು ಆಸ್ಟ್ರೇಲಿಯಾದ ಗಣಿ ಕಂಪನಿಗೆ ಹಣ ಹಾಕಿ ಅವಲಂಬನೆ ಇಳಿಸಿಕೊಂಡಿತು. ಹಾಗಾಗಿ ಬಲದ ಕೊನೆಯ ಮೆಟ್ಟಿಲು ನಂಬಿಕೆ. ಬೇರೆ ದೇಶ ತನ್ನ ಉಳಿತಾಯವನ್ನು ನಿಮ್ಮ ಹಣದಲ್ಲಿ ಇಡುತ್ತಾ? ಜಗತ್ತಿನ ಕೇಂದ್ರ ಬ್ಯಾಂಕುಗಳ ಮೀಸಲಿನಲ್ಲಿ ಅರ್ಧಕ್ಕಿಂತ ಹೆಚ್ಚು ಇನ್ನೂ ಡಾಲರ್. ಚೀನಾದ ಯುವಾನ್ ನೂರಕ್ಕೆ ಮೂರನ್ನೂ ಮುಟ್ಟಿಲ್ಲ. ತನ್ನ ದುಡ್ಡು ಗಡಿ ದಾಟಿ ಸರಾಗವಾಗಿ ಹೋಗಿ ಬರಲು ಆ ಸರಕಾರ ಬಿಡದಿರೋದು ಇದಕ್ಕೆ ಮುಖ್ಯ ಕಾರಣ. ಅಮೆರಿಕವೂ ಈ ಮೆಟ್ಟಿಲನ್ನು ರಾತ್ರೋರಾತ್ರಿ ಹತ್ತಲಿಲ್ಲ. ಉತ್ಪನ್ನದಲ್ಲಿ ಬ್ರಿಟನ್ನನ್ನು 19ನೇ ಶತಮಾನದಲ್ಲೇ ದಾಟಿತ್ತು. ಡಾಲರ್ ಜಗತ್ತಿನ ನಡುಗಂಬ ಆಗಿದ್ದು 1944ರ ಬ್ರೆಟನ್ ವುಡ್ಸ್ ಒಪ್ಪಂದದಲ್ಲಿ.

ಕುಸಿಯುತ್ತೆ ಅನ್ನುವ ಮೆಸೇಜಿಗೆ ಹೆಚ್ಚು ಹೊತ್ತು ಬೇಡ. ತೊಂದರೆಗಳು ನಿಜ. 2022ರಿಂದ ಅಲ್ಲಿ ಜನಸಂಖ್ಯೆ ಇಳಿಯುತ್ತಿದೆ. ಮೂವತ್ತೈದು ವರ್ಷ ಒಂದೇ ಮಗು ಅಂತ ಕಟ್ಟುಪಾಡು ಹಾಕಿದ ಸರಕಾರ ಈಗ ಮೂರು ಹೆತ್ತುಕೊಳ್ಳಿ ಅಂದರೂ ಜನ ಕೇಳುತ್ತಿಲ್ಲ. ಎವರ್‌ಗ್ರಾಂಡ್‌ನಂಥ ಮನೆ ಕಟ್ಟುವ ಕಂಪನಿ 30,000 ಕೋಟಿ ಡಾಲರಿಗೂ ಮೀರಿ ಸಾಲ ಮಾಡಿ ಮುಳುಗಿತು. ದೊಡ್ಡ ತೊಡಕು ಇನ್ನೊಂದಿದೆ. ಅಲ್ಲಿನ ಮನೆಮಂದಿಯ ಖರ್ಚು ದೇಶದ ಉತ್ಪನ್ನದ ನೂರಕ್ಕೆ 40ರ ಆಸುಪಾಸು, ನಮ್ಮಲ್ಲಿ 60ರ ಆಸುಪಾಸು. ಮಾಡಿದ್ದನ್ನು ತಾವೇ ಕೊಳ್ಳದಿದ್ದರೆ ಹೊರಗೆ ಮಾರಲೇಬೇಕು, ಹೊರಗಿನವರು ಸುಂಕದ ಗೋಡೆ ಎಬ್ಬಿಸುತ್ತಾರೆ. ಇದರಿಂದ ವೇಗ ತಗ್ಗುತ್ತೆ. ಆದರೆ ಕಲಿತ ಕೈ ಮರೆತುಹೋಗಲ್ಲ. 1989ರ ಡಿಸೆಂಬರ್‌ನಲ್ಲಿ ಜಪಾನಿನ ಷೇರುಪೇಟೆ ಶಿಖರ ಮುಟ್ಟಿ ಬಿತ್ತು, ಆ ಮಟ್ಟಕ್ಕೆ ಮತ್ತೆ ಏರಿದ್ದು 2024ರಲ್ಲಿ. ಆ 34 ವರ್ಷದಲ್ಲಿ ಜಪಾನಿನ ಮಶೀನು ಕೊಳ್ಳೋದನ್ನು ಯಾರಾದರೂ ನಿಲ್ಲಿಸಿದರಾ?

ನಾವು ಐದು ವರ್ಷದಲ್ಲಿ? ಡಾಲರ್ ಲೆಕ್ಕದ ತಲಾ ಆದಾಯದಲ್ಲಿ ನಾವು ಇವತ್ತು ಇರೋದು ಚೀನಾ 2007ರಲ್ಲಿ ಇದ್ದ ಜಾಗದಲ್ಲಿ. ಆ ಮೆಸೇಜು ಕಳಿಸಿದವರಿಗೆ ಇದೊಂದು ಸಾಲು ಕಳಿಸಿ.

ಇನ್ನು ನಿಮ್ಮ ಮಶೀನು. ಬೆಂಗಳೂರಿನ ಮೆಟ್ರೋ ಹಳದಿ ಮಾರ್ಗ ನೆನಪು ಮಾಡಿಕೊಳ್ಳಿ. ಬೋಗಿಗಳ ಗುತ್ತಿಗೆ 2019ರಲ್ಲಿ ಚೀನಾ ಕಂಪನಿಯೊಂದಕ್ಕೆ ಹೋಯಿತು. ಆಮೇಲೆ ಕೋವಿಡ್, 2020ರ ಗಾಲ್ವಾನ್ ಘರ್ಷಣೆ, ವೀಸಾ ತಕರಾರು. ಮೊದಲ ರೈಲು ಬಂದಿದ್ದು 2024ರ ಫೆಬ್ರವರಿಯಲ್ಲಿ. ಜನ ಹತ್ತಿದ್ದು 2025ರ ಆಗಸ್ಟ್‌ನಲ್ಲಿ. ರೈಲಿನ ಗುಣಮಟ್ಟಕ್ಕೂ ಈ ತಡಕ್ಕೂ ಸಂಬಂಧವೇ ಇರಲಿಲ್ಲ. ನಿಮ್ಮ ಅಪಾಯವೂ ಇದೇ ಜಾತಿಯದು. ಮಶೀನು ಚೆನ್ನಾಗೇ ಇರಬಹುದು. ಎರಡು ವರ್ಷದ ನಂತರ ಮೋಟಾರು ನಡೆಸುವ ಡ್ರೈವ್ ಸುಟ್ಟರೆ, ರಿಪೇರಿಯವನಿಗೆ ವೀಸಾ ಸಿಗದಿದ್ದರೆ?

ಬೆಂಗಳೂರು ಅಥವಾ ರಾಜ್‌ಕೋಟ್‌ನ ಮಶೀನು ತಗೊಂಡರೆ ಕಂತಿನ ಹೊರೆ ಜಾಸ್ತಿ, ಸರ್ವಿಸ್ ಹತ್ತಿರ. ಜಪಾನಿನ ಸೆಕೆಂಡ್ ಹ್ಯಾಂಡ್ ಅಗ್ಗ, ಆದರೆ ಹಳೇ ಕಂಟ್ರೋಲರಿಗೆ (ಮಶೀನು ನಡೆಸುವ ಕಂಪ್ಯೂಟರಿಗೆ) ಕಾರ್ಡ್ ಸಿಗಲ್ಲ. ಮಶೀನಿನ ಟೇಬಲ್ ಸರಿಸುವ ಬಾಲ್ ಸ್ಕ್ರೂ ಸವೆದಿದ್ದರೆ ಮೊದಲ ತಿಂಗಳು ಗೊತ್ತಾಗೋದೂ ಇಲ್ಲ. ಚೀನಾದ್ದೇ ಬೇಕು ಅಂದರೆ, ಒಂದೇ ಒಂದು ತಗೊಳ್ಳಿ. ನಿಮ್ಮ ದೊಡ್ಡ ಗಿರಾಕಿಯ ಕೆಲಸ ಅದರ ಮೇಲೆ ಹಾಕಬೇಡಿ. ಸ್ಪಿಂಡಲ್ (ತಿರುಗುವ ಮುಖ್ಯ ದಂಡ) ಬೇರಿಂಗು, ಡ್ರೈವು ಒಂದೊಂದು ಸೆಟ್ ಮಶೀನಿನ ಜೊತೆಗೇ ತರಿಸಿ. ಕೊನೆಯ ಹತ್ತು ಹದಿನೈದು ಪರ್ಸೆಂಟ್ ಹಣ, ನಿಮ್ಮ ಶಾಪಿನಲ್ಲಿ ನಿಮ್ಮದೇ ಪೀಸು ಸರಿಯಾಗಿ ಬಂದ ಮೇಲೆ ಕೊಡುವ ಕರಾರು ಮಾಡಿ. ಒಪ್ಪದಿದ್ದರೆ ಬಿಡಿ. ಇದಕ್ಕೂ ಮುಂಚೆ ಒಂದು ವಾರ ಈಗಿರುವ ಎಂಟು ಮಶೀನಿನ ಸ್ಪಿಂಡಲ್ ಎಷ್ಟು ಗಂಟೆ ನಿಜಕ್ಕೂ ಕತ್ತರಿಸುತ್ತಿದೆ ಅಂತ ಬರೆದಿಡಿ. ನಾನು ನೋಡಿದ ಶಾಪುಗಳಲ್ಲಿ ಅರ್ಧ ಪಾಳಿ ದಾಟಿದವು ಕಡಿಮೆ. ಸೆಟ್ಟಿಂಗಿಗೆ, ಟೂಲಿಗೆ, ಕಾಸ್ಟಿಂಗಿಗೆ ಕಾಯುತ್ತಾ ಉಳಿದ ಹೊತ್ತು ಹೋಗಿರುತ್ತೆ. ಹಾಗಿದ್ದರೆ ಒಂಬತ್ತನೇ ಮಶೀನು ಸುಮ್ನೆ.

ಮಗನಿಗೂ ಒಂದು ಮಾತು. ಅವನು ಮೇಳದಲ್ಲಿ ನೋಡಿದ್ದು ಸಾಮಾನು, ನಾನು ಡೊಂಗುವಾನ್‌ನಲ್ಲಿ ನೋಡಿದ್ದು ಬೀದಿ. ಪ್ಯಾಟರ್ನ್, ಫೌಂಡ್ರಿ, ಮಶೀನಿಂಗ್ ಒಂದೇ ಊರಲ್ಲಿ ಸಿಗೋದು ನಮ್ಮ ರಾಜ್ಯದಲ್ಲಿ ಹೆಚ್ಚು ಕಡೆ ಇಲ್ಲ. ಬೆಳಗಾವಿಯಲ್ಲಿ ಇದೆ. ಬರೀ ಮಶೀನಿಂಗ್ ಮಾಡಿಕೊಟ್ಟರೆ ನಿಮ್ಮ ಬದಲು ಇನ್ನೊಬ್ಬರು ಬರುತ್ತಾರೆ. ಪಕ್ಕದ ಫೌಂಡ್ರಿಯವರನ್ನು ಜೊತೆ ಹಾಕಿಕೊಂಡು ಎರಕ ಹೊಯ್ದು, ಕತ್ತರಿಸಿ, ಪ್ರೆಶರ್ ಟೆಸ್ಟ್ ಮಾಡಿ, ರಿಪೋರ್ಟ್ ಸಮೇತ ಎರಡು ವಾರದಲ್ಲಿ ಕೊಟ್ಟರೆ ಪಂಪಿನ ಕಂಪನಿ ಅಷ್ಟು ಸುಲಭಕ್ಕೆ ನಿಮ್ಮನ್ನು ಬಿಡಲ್ಲ. ಅಪಾಯ ಇಲ್ಲೂ ಇದೆ. ಎರಕದಲ್ಲಿ ತೂತು ಬಂದರೆ ನಷ್ಟ ಯಾರದು ಅಂತ ಮೊದಲೇ ಬರೆದುಕೊಳ್ಳದಿದ್ದರೆ ಸ್ನೇಹವೂ ಹೋಗುತ್ತೆ, ದುಡ್ಡೂ ಹೋಗುತ್ತೆ.

ನೀವು ಕಳಿಸಿದ ಕೊಟೇಶನ್ ಪೂರ್ತಿ ಓದಿದೆ. ಬೆಡ್ಡಿನ ಅಳತೆ, ಬಣ್ಣ, ಪ್ಯಾಕಿಂಗು ಎಲ್ಲ ಇದೆ. ಕಂಟ್ರೋಲರ್ ಯಾವ ಕಂಪನಿಯದು ಅಂತ ಮಾತ್ರ ಎಲ್ಲೂ ಬರೆದಿಲ್ಲ. ಫನುಕ್ ಅಥವಾ ಸೀಮೆನ್ಸ್ ಆದರೆ ನಮ್ಮ ದೇಶದಲ್ಲೇ ಸರ್ವಿಸ್ ಸಿಗುತ್ತದೆ. ಅವರದೇ ಸ್ವಂತದ್ದಾದರೆ ಲೆಕ್ಕ ಬೇರೆ. ಮೊದಲು ಅದನ್ನು ಕೇಳಿ, ಬರವಣಿಗೆಯಲ್ಲೇ ತರಿಸಿಕೊಳ್ಳಿ.